ಮಾವನವರ ಚೌಕದ ಅಕ್ಷರಗಳು

ನಮ್ಮ ಅತ್ತೆ ನಮ್ಮ ಮಾವನನ್ನು ಯಾರಿಗೆ ಪರಿಚಯ ಮಾಡಿಕೊಟ್ಟರೂ ಒಂದೇ ರೀತಿ. "ಇವ್ರು ಮಿಲ್ಲಿನಾಗ ಕುಂತು ಚೌಕಾ ತುಂಬ್ತಿದ್ರು" ಅನ್ನುತ್ತಾರೆ. ಅಷ್ಟೇ. ಮೂವತ್ತು ವರ್ಷದ ನೌಕರಿ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಕೇಳಿದವರು ಏನೋ ಆಫೀಸಿನ ಕೆಲಸ ಇರಬೇಕು ಅಂದುಕೊಂಡು ತಲೆಯಾಡಿಸುತ್ತಾರೆ. ಮಾವ ಪೇಪರ್ ಓದುತ್ತಿದ್ದರೆ ಓದುತ್ತಲೇ ಇರುತ್ತಾರೆ, ಪುಟ ತಿರುಗಿಸುವ ಸದ್ದು ಮಾತ್ರ ಸ್ವಲ್ಪ ಜೋರಾಗುತ್ತದೆ.

ಅತ್ತೆ ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ಮಾವ ಒಂದು ಗಿರಣಿಯ ಡಿಸೈನ್ ಖೋಲಿಯಲ್ಲಿದ್ದರು. ಬಟ್ಟೆಯ ತಾನಿನ, ಅಂದರೆ ಇಡೀ ಸುರುಳಿಯ, ತುದಿಯಲ್ಲಿ ಗಿರಣಿಯ ಹೆಸರು, ಅದರ ಕೆಳಗೆ 'ದಾವಣಗೆರೆ' ಎಂದು ಊರಿನ ಹೆಸರು, ಕೆಂಪು ನೂಲಿನಲ್ಲಿ ನೇಯ್ದೇ ಬರುತ್ತಿತ್ತು. ಛಾಪಿಸಿದ್ದಲ್ಲ, ನೇಯ್ದದ್ದು. ಅದಕ್ಕಾಗಿ ಮೊದಲು ಆ ಅಕ್ಷರಗಳನ್ನು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ತುಂಬಬೇಕು. ತುಂಬಿದ ಚೌಕ ಅಂದರೆ ನೂಲು ಮೇಲೆ, ಖಾಲಿ ಚೌಕ ಅಂದರೆ ನೂಲು ಕೆಳಗೆ. ಹಾಳೆ ನೋಡಿಕೊಂಡು ಇನ್ನೊಬ್ಬರು ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಿದ್ದರು. ಆ ರಟ್ಟುಗಳು ಮಗ್ಗದ ನೆತ್ತಿಯ ಮೇಲೆ ಕುಳಿತು ಯಾವ ನೂಲು ಏಳಬೇಕು, ಯಾವುದು ಬಾಗಬೇಕು ಎಂದು ಹೇಳುತ್ತಿದ್ದವು. ಮಾವನ ಪಾಲಿನ ಕೆಲಸ ಚೌಕ ತುಂಬುವುದೇ.

ಅತ್ತೆ ರೈತರ ಮನೆಯ ಮಗಳು. ಕೆಲಸ ಅಂದರೆ ಕಣ್ಣಿಗೆ ಕಾಣಬೇಕು ಅನ್ನುವವರು. "ನಮ್ಮಪ್ಪ ಸಾಲು ಹೊಡೆದ್ರೆ ಜ್ವಾಳ ಬರ್ತಿತ್ತು. ನೀವು ಚೌಕಾ ತುಂಬಿದ್ರೆ ಏನ್ ಬಂತು? ಒಂದು ತುಂಡು ಬಟ್ಟೆ ತಂದು ತೋರಿಸ್ರಿ, ಅವತ್ತಿಂದ ನನ್ನ ಬಾಯಿ ಮುಚ್ಕಂತೀನಿ" ಎನ್ನುವುದು ಅವರ ಹಳೆಯ ಸವಾಲು. ನಾನು ಸೊಸೆಯಾಗಿ ಬಂದ ಮೊದಲ ವಾರದಲ್ಲೇ ಅದನ್ನು ಕೇಳಿದ್ದೆ. ಆಮೇಲೆ ಎಷ್ಟು ಸಲ ಕೇಳಿದೆನೋ ಎಣಿಸಿಲ್ಲ. ಮಾವ ಯಾವತ್ತೂ ತೋರಿಸಲಿಲ್ಲ. ಅಕ್ಷರ ಬರುತ್ತಿದ್ದದ್ದು ತಾನಿಗೆ ಒಂದೇ ಕಡೆ, ಆ ತುದಿಯನ್ನು ಅಂಗಡಿಯವರು ಗಿರಾಕಿಗೆ ಮಾರ್ಕು ತೋರಿಸಲು ಕೊನೆತನಕ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಗಿರಣಿಯೇ ಮುಚ್ಚಿತು. ಹೀಗಾಗಿ ಮನೆಯಲ್ಲಿ ಮಾವನ ಮೂವತ್ತು ವರ್ಷಕ್ಕೆ ಒಂದು ದಾರದಷ್ಟೂ ಸಾಕ್ಷಿ ಇರಲಿಲ್ಲ.

ಇದನ್ನೆಲ್ಲ ನಾನು ಯಾಕೆ ಹೇಳುತ್ತಿದ್ದೇನೆಂದರೆ, ನನ್ನದೂ ಚೌಕ ತುಂಬುವ ಕೆಲಸವೇ. ಇದು ಅತ್ತೆಗೆ ಬಹಳ ದಿನ ಗೊತ್ತಾಗದಂತೆ ನೋಡಿಕೊಂಡಿದ್ದೆ.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಫ್ಲೆಕ್ಸು, ಅಂಗಡಿ ಬೋರ್ಡು, ಗೃಹಪ್ರವೇಶದ ಕರೆಯೋಲೆ, ಒಟ್ಟಿನಲ್ಲಿ ಅಕ್ಷರ ಜೋಡಿಸುವ ಕೆಲಸ ಯಾವುದಿದ್ದರೂ ಮಾಡುತ್ತೇನೆ. ಗಂಡ ಮಲೆಬೆನ್ನೂರಿನಲ್ಲಿ ಮೇಷ್ಟ್ರು. ಬೆಳಗ್ಗೆ ಬಸ್ಸು ಹತ್ತಿದರೆ ಇಳಿಯುವುದು ಸಂಜೆ, ಆದ್ದರಿಂದ ಈ ಕತೆಯಲ್ಲಿ ಅವರಿಗೆ ಊಟ ಮಾಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ.

ಹೋದ ವರ್ಷ ಒಬ್ಬಳು ಹುಡುಗಿ ಅಂಗಡಿಗೆ ಬಂದಳು. ಕಾಲೇಜಿನ ಹತ್ತಿರ ತಿಂಡಿ-ಕಾಫಿಯ ಅಂಗಡಿ ತೆರೆಯುವವಳಿದ್ದಳು. ಗೋಡೆ ತುಂಬ ಹಳೆಯ ವಿಡಿಯೊ ಗೇಮಿನ ಚಿತ್ರ ಬರೆಸಿದ್ದಾಳಂತೆ, ಅದಕ್ಕೆ ಹೊಂದುವ ಬೋರ್ಡು ಬೇಕು. ಮೊಬೈಲಿನಲ್ಲಿ ಒಂದು ಇಂಗ್ಲಿಷ್ ಫಾಂಟ್ ತೋರಿಸಿದಳು. ಹಳೆಯ ಕಂಪ್ಯೂಟರಿನ ಪರದೆಯ ಮೇಲೆ ಕಾಣುತ್ತಿತ್ತಲ್ಲ, ಸಣ್ಣ ಸಣ್ಣ ಚೌಕಗಳಿಂದ ಕಟ್ಟಿದ ಅಕ್ಷರ, ಆ ಜಾತಿಯದು. ಆದರೆ ಇದರಲ್ಲಿ ಒಂದು ಸೊಗಸಿತ್ತು. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಅಕ್ಷರದ ಗೆರೆ ಮುಗಿಯುವ ಕಡೆ ಒಂದು ಸಣ್ಣ ಪಾದ ಇರುತ್ತದಲ್ಲ, ನಮ್ಮ ಕಸುಬಿನಲ್ಲಿ ಸೆರಿಫ್ ಅನ್ನುತ್ತೇವೆ, ಅದೂ ಇತ್ತು. ಪಾದವೂ ಚೌಕದ್ದೇ.

"ಮೇಡಂ, ಬರೀ ಡಬ್ಬಿ ತರ ಇರಬಾರ್ದು, ಹಿಂಗೆ ಸ್ವಲ್ಪ ಗತ್ತು ಇರ್ಬೇಕು. ಆದ್ರೆ ಕನ್ನಡದಾಗ ಬೇಕು" ಅಂದಳು.

ಆಗಲಿ ಅಂದುಬಿಟ್ಟೆ. ಗಿರಾಕಿಯ ಎದುರು ಆಗಲ್ಲ ಅನ್ನುವ ಅಭ್ಯಾಸ ನನಗಿಲ್ಲ, ಅವರು ಹೋದ ಮೇಲೆ ತಲೆ ಕೆರೆದುಕೊಳ್ಳುವ ಅಭ್ಯಾಸ ಇದೆ. ಇಂಗ್ಲಿಷಿನಲ್ಲಿ ಇಂಥವು ರಾಶಿ ಬಿದ್ದಿವೆ. ಕನ್ನಡದಲ್ಲಿ ಹುಡುಕಿದರೆ ನನಗೆ ಸಿಕ್ಕಿದ್ದು ಸರ್ಕಾರಿ ಬಸ್ಸಿನ ಹಣೆಯ ಮೇಲೆ ಕೆಂಪು ದೀಪದಲ್ಲಿ ಓಡುವ ಅಕ್ಷರದಂಥವು ಮಾತ್ರ. ಅವುಗಳಲ್ಲಿ ಒತ್ತಕ್ಷರ ಇರುವೆಯಂತೆ ಕಾಣುತ್ತದೆ. ಸರಿ, ನಾನೇ ಬರೆಯೋಣ ಅಂತ ಕುಳಿತೆ.

ಕನ್ನಡದ ಅಕ್ಷರ ದುಂಡಗೆ ಎಂದು ಸಣ್ಣವರಿದ್ದಾಗಿಂದ ಹೊಗಳಿಸಿಕೊಂಡು ಬಂದಿದ್ದೇವೆ. ಆ ದುಂಡನ್ನು ಚೌಕದಲ್ಲಿ ತರಲು ಹೋದಾಗ ಹೊಗಳಿಕೆಯ ಬೆಲೆ ಗೊತ್ತಾಗುತ್ತದೆ. 'ರ' ಬರೆದರೆ ಬಾಗಿಲಿಲ್ಲದ ಮನೆಯಾಯಿತು. 'ಠ' ಬರೆದರೆ ಅದೇ ಮನೆಗೆ ಕಿಟಕಿ ಇಟ್ಟಂತಾಯಿತು. 'ಜ್ಞ' ಬರೆದು ನೋಡಿ ಕಂಪ್ಯೂಟರ್ ಮುಚ್ಚಿ ಅಡುಗೆಮನೆಗೆ ಹೋದೆ.

ಮಾವನಿಗೆ ಮಧ್ಯಾಹ್ನದ ಚಹಾ ನನ್ನ ಅಂಗಡಿಯಲ್ಲೇ. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ನನ್ನ ಹಿಂದೆ ಕೂರುತ್ತಾರೆ. ಅವತ್ತು ಎರಡು ಗುಟುಕು ಕುಡಿದು, ಪರದೆಯ ಕಡೆ ನೋಡಿ, "ಏನವ್ವಾ, ನೀನೂ ಚೌಕಾ ತುಂಬಾಕ ಹತ್ತಿದ್ಯಾ?" ಅಂದರು.

"ಮೆಲ್ಲಗೆ ಮಾತಾಡ್ರಿ ಮಾವಾರೆ, ಅತ್ತೆ ಒಳಗದಾರೆ" ಅಂದೆ.

ಅವರು ನಕ್ಕು ಕುರ್ಚಿ ಮುಂದಕ್ಕೆ ಎಳೆದರು. "ಇವಕ್ಕೆ ಕಾಲಿಲ್ಲ ನೋಡು, ಬೀಳ್ತಾವೆ. ಗೆರೆ ಮುಗಿಯೋ ಕಡೆ ಇನ್ನೆರಡು ಚೌಕಾ ಇಡು. ಒಂದೇ ನೂಲಿನ ಮ್ಯಾಲೆ ನಿಲ್ಲಿಸಿದ್ರೆ ತುದಿ ಮಾಯ ಆಗ್ತೈತೆ."

ಇಟ್ಟೆ. ಬೀಳುವಂತಿದ್ದ 'ದ' ನೆಟ್ಟಗೆ ನಿಂತಿತು. ಡಿಸೈನ್ ಕೋರ್ಸು ಮುಗಿಸಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವಳು ನಾನು. ನನಗೆ ಸ್ವಲ್ಪ ಉರಿಯಿತು. "ಇದಕ್ಕೆ ಸೆರಿಫ್ ಅಂತಾರೆ ಮಾವಾರೆ" ಅಂದೆ, ಜಾಣೆಯಂತೆ.

"ಏನಾರ ಅನ್ಲಿ. ನಾವು ಚಪ್ಪಲಿ ಅಂತಿದ್ವಿ" ಅಂದು ಚಹಾ ಮುಗಿಸಿದರು.

ಆಮೇಲೆ ಒಳಗೆ ಹೋಗಿ, ಟ್ರಂಕಿನ ತಳ ತಡಕಾಡಿ, ಒಂದು ಉದ್ದನೆಯ ಪುಸ್ತಕ ತಂದು ನನ್ನ ಕೈಗಿಟ್ಟರು. ಗ್ರಾಫ್ ಹಾಳೆಗಳನ್ನು ಹೊಲಿದು ಮಾಡಿದ ಪುಸ್ತಕ. ಕೆಲಸ ಇಲ್ಲದ ಹೊತ್ತಿನಲ್ಲಿ ಬರೆದದ್ದಂತೆ. 'ಅ'ದಿಂದ 'ಳ'ದವರೆಗೆ, ಕಾಗುಣಿತ, ಒತ್ತು, ಎಲ್ಲವೂ ಚೌಕ ಚೌಕವಾಗಿ, ಪ್ರತಿಯೊಂದಕ್ಕೂ ಚಪ್ಪಲಿ ತೊಡಿಸಿ. ಇವುಗಳಲ್ಲಿ ಮಗ್ಗಕ್ಕೆ ಏರಿದ್ದು ಗಿರಣಿಯ ಹೆಸರು, ಊರಿನ ಹೆಸರು ಎರಡೇ. ಉಳಿದವು ಪುಸ್ತಕದಲ್ಲೇ ಕುಳಿತಿದ್ದವು. ನಾನು ಊರೆಲ್ಲ ಹುಡುಕಿದ್ದು ನಮ್ಮ ಮನೆಯ ಟ್ರಂಕಿನಲ್ಲಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅದನ್ನು ನನ್ನಂಥವಳನ್ನು ನೋಡಿಯೇ ಹೇಳಿರಬೇಕು.

ಒಂದೇ ಒಂದು ಕೊರತೆ ಕಂಡಿತು. ಅಕ್ಷರಗಳೆಲ್ಲ ಕುಳ್ಳಗೆ, ಅಡ್ಡಡ್ಡ ಬೆಳೆದಿದ್ದವು. ವಯಸ್ಸಾದವರ ಕೈಬರಹ, ಅದರಲ್ಲೂ ಒಂದು ಚೆಂದ ಇದೆ ಬಿಡು ಅಂದುಕೊಂಡೆ. ಬರೆಯುವಾಗ ಮಾವನಿಗೆ ಮೂವತ್ತೂ ತುಂಬಿರಲಿಲ್ಲ ಎನ್ನುವುದು ಆಗ ತಲೆಗೆ ಹೊಳೆಯಲಿಲ್ಲ. ಇನ್ನೊಂದನ್ನೂ ಗಮನಿಸಿದ್ದೆ. 'ಣ' ಇದ್ದ ಪುಟದಲ್ಲಿ, ನಡುವಿನ ಸುಳಿಯ ಒಂದು ಚೌಕದ ಮೇಲೆ ಕೆಂಪು ಮಸಿಯಲ್ಲಿ ಸಣ್ಣ ಕತ್ತರಿ ಗುರುತಿತ್ತು. ತುಂಬಲು ಬಿಟ್ಟುಹೋದ ಚೌಕದ ಗುರುತಿರಬೇಕು ಅಂತ ಅದನ್ನೂ ತುಂಬಿದೆ. ಕೇಳಬಹುದಿತ್ತು. ಹಿಂದೆಯೇ ಕುಳಿತಿದ್ದ ಮನುಷ್ಯನನ್ನು ಕೇಳಲಿಲ್ಲ.

ಹದಿನೈದು ದಿನ ಹಿಡಿದು ಪುಸ್ತಕದಲ್ಲಿದ್ದುದನ್ನು ಇದ್ದಂತೆಯೇ ಕಂಪ್ಯೂಟರಿಗೆ ಏರಿಸಿದೆ. ಅಂಗಡಿಯ ಹೆಸರು, ಅದರ ಕೆಳಗೆ 'ದಾವಣಗೆರೆ' ಎಂದು ಜೋಡಿಸಿ, ಮಾದರಿಗೆ ಒಂದು ಫ್ಲೆಕ್ಸ್ ಹೊಡೆಸಿ, ಮುಂದಿನ ಕೋಣೆಯ ಗೋಡೆಗೆ ಕಟ್ಟಿದೆ. ಮಾವನನ್ನು ಕರೆದೆ. ಅತ್ತೆ ಕರೆಯದೆಯೇ ಬಂದರು.

ಮಾವ ಗೋಡೆಯ ಹತ್ತಿರ ಹೋಗಿ ನೋಡಿದರು, ಎರಡು ಹೆಜ್ಜೆ ಹಿಂದೆ ಬಂದು ನೋಡಿದರು. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

"ಇವು ಹಿಂಗಲ್ಲವ್ವಾ" ಅಂದರು.

ಅಷ್ಟು ಸಾಕಾಯಿತು ಅತ್ತೆಗೆ. ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. "ಇವೇನ್ರಿ, ಮ್ಯಾಲೆ ಯಾರೋ ಕುಂತು ಎದ್ದಂಗೆ ಅದಾವು. ಇಂಥಾವ್ನ ಬರಿಯಾಕ ಮೂವತ್ತು ವರ್ಷ ಬೇಕಾತಾ? ಇಷ್ಟು ದಿನ ತೋರಿಸ್ದೆ ಇದ್ದಿದ್ದೇ ಚಲೋ ಆತು."

ಅತ್ತೆಯ ಮಾತಿಗೆ ಮಾವ ಹಿಂದೆಂದೂ ಮುಖ ಸಣ್ಣ ಮಾಡಿದವರಲ್ಲ. ಅವತ್ತು ಮಾಡಿದರು. "ಬಟ್ಟೆ ಮ್ಯಾಲೆ ನೋಡ್ಬೇಕು ಇವನ್ನ" ಅಂತಷ್ಟೇ ಅಂದರು.

"ತೋರಿಸ್ರಿ ಮತ್ತೆ" ಅಂದರು ಅತ್ತೆ.

ಮಾವ ಒಳಗೆ ಹೋದರು. ಮರುದಿನ ಮಧ್ಯಾಹ್ನ ಚಹಾಕ್ಕೆ ಅಂಗಡಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಾನು ಕಾಗದದ ಕಟ್ಟು ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ನನಗೆ ನಿಜಕ್ಕೂ ಬೇಜಾರಾಗಿತ್ತು. ಇಷ್ಟು ವರ್ಷ ಸಾಕ್ಷಿ ಇರಲಿಲ್ಲ, ಅಷ್ಟೇ. ಈಗ ನಾನು ಅವರ ವಿರುದ್ಧವೇ ಸಾಕ್ಷಿ ಸೃಷ್ಟಿಸಿ, ಆರಡಿ ಅಗಲಕ್ಕೆ ಹೊಡೆಸಿ, ಗೋಡೆಗೆ ಕಟ್ಟಿದ್ದೆ.

"ಹಳೆ ಬಟ್ಟೆ ಎಲ್ಲಾದ್ರೂ ಹುಡುಕ್ತೀನಿ ಮಾವಾರೆ. ಪ್ಯಾಟ್ಯಾಗ ಹಳೆ ಜವಳಿ ಅಂಗಡಿಯೋರ ಹತ್ರ ಒಂದಾದ್ರೂ ಇರ್ತೈತೆ" ಅಂದೆ, ರಾತ್ರಿ ಅವರಿಗೆ ಊಟ ಬಡಿಸುತ್ತಾ.

"ಬ್ಯಾಡ" ಅಂದರು, ಬಹಳ ಬೇಗ. "ಎಲ್ಲಾ ಮಿಲ್ಲಿನ ಜೊತಿಗೇ ಹೋತು. ಹುಡುಕಬ್ಯಾಡ." ಕೈ ತೊಳೆದು ಬಂದು ಮತ್ತೊಂದು ಸಲ, "ಹುಡುಕಾಕ ಹೋಗಬ್ಯಾಡವ್ವಾ" ಅಂದರು. ನನಗೆ ತೊಂದರೆಯಾದೀತು ಅಂತ ಹೇಳುತ್ತಿದ್ದಾರೆ ಅಂದುಕೊಂಡೆ.

ಆ ಭಾನುವಾರ ಹರಿಹರಕ್ಕೆ ಹೋದೆ. ಅಲ್ಲಿ ನನ್ನ ತವರು. ಅವ್ವ ಮೊದಲು ಓಣಿಯ ಹೆಂಗಸರಿಗೆಲ್ಲ ಲಂಗ, ದಿಂಬಿನ ಚೀಲ, ಮಕ್ಕಳ ಅಂಗಿ ಹೊಲಿದು ಕೊಡುತ್ತಿದ್ದಳು. ಈಗ ಕಣ್ಣು ಮಂಜಾಗಿ ಮಿಷನ್ನಿನ ಮೇಲೆ ಹೂವಿನ ಕುಂಡ ಇಟ್ಟಿದ್ದಾಳೆ. ಊಟಕ್ಕೆ ಕುಳಿತಾಗ ನಡೆದದ್ದೆಲ್ಲ ಹೇಳಿದೆ. ಬೀಗಿತ್ತಿಯ ಮಾತು ಬಂದ ಕಡೆಯೆಲ್ಲ ಅವ್ವ ನಕ್ಕಳು. ಬೀಗರ ಮುಖ ಸಣ್ಣಗಾದದ್ದು ಕೇಳಿ ನಗು ನಿಲ್ಲಿಸಿದಳು.

"ಮಿಲ್ಲಿನ ತುಂಡಾ? ಅಕ್ಷರ ಇರ್ತಿದ್ವಲ್ಲ, ಅವಾ?"

"ನೀನು ನೋಡೀಯಾ ಅವನ್ನ?"

"ನೋಡೋದೇನು, ದೇವ್ರ ಜಗಲಿ ಮ್ಯಾಲೆ ಅದಾವಲ್ಲ" ಅಂದು ತಟ್ಟೆಯ ಮುಂದಿನಿಂದ ಎದ್ದಳು.

ಅವ್ವ ಸಂತೆಯಲ್ಲಿ ಗಿರಣಿಯ ತುಂಡು ಬಟ್ಟೆ ತಂದು ಹೊಲಿಯುತ್ತಿದ್ದದ್ದು ನನಗೆ ನೆನಪಿತ್ತು. ಆದರೆ ಅವಳ ಒಂದು ಪದ್ಧತಿ ಮರೆತೇಹೋಗಿತ್ತು. ಅಕ್ಷರ ಕಾಲಿಗೆ ತಾಗಬಾರದು. ಪುಸ್ತಕಕ್ಕೆ ಕಾಲು ಬಡಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರು ನಾವು. ಅಂದ ಮೇಲೆ ಅಕ್ಷರ ಇರುವ ಬಟ್ಟೆಯಲ್ಲಿ ಲಂಗ ಹೊಲಿಯುವುದು ಹೇಗೆ? ತುಂಡಿನಲ್ಲಿ ಅಕ್ಷರ ಬಂದರೆ ಅವ್ವ ಆ ಪಟ್ಟಿಯಷ್ಟನ್ನು ಮೊದಲು ಕತ್ತರಿಸಿ ಬೇರೆ ಇಡುತ್ತಿದ್ದಳು. ಒರೆಸಲು ಬಳಸುವಂತಿಲ್ಲ, ಬಿಸಾಕುವಂತಿಲ್ಲ. ಹಾಗಾಗಿ ಅವು ದೇವರ ಜಗಲಿ ಸೇರುತ್ತಿದ್ದವು. ವಿಭೂತಿ ಗಟ್ಟಿಗೆ ಒಂದು ಸುತ್ತು, ಪಂಚಾಂಗಕ್ಕೆ ಒಂದು, ಪುರಾಣದ ಪುಸ್ತಕಕ್ಕೆ ಒಂದು. ಉಳಿದವು ಮಡಿಕೆ ಹಾಕಿ ದಾರ ಕಟ್ಟಿದ ಗಂಟು.

ಅವ್ವ ಗಂಟು ಬಿಚ್ಚಿ ಒಂದು ಪಟ್ಟಿ ನನ್ನ ಮಡಿಲಿಗೆ ಹಾಕಿದಳು. ಬಿಳಿ ಬಟ್ಟೆ ಹಳದಿಗೆ ತಿರುಗಿತ್ತು, ಕೆಂಪು ಅಕ್ಷರ ಮಾತ್ರ ಹಾಗೇ ಇತ್ತು. ದಾವಣಗೆರೆ.

ಕುಳ್ಳಗಿರಲಿಲ್ಲ. ಎದ್ದು ನಿಂತಿದ್ದವು. ನಾನು ಹದಿನೈದು ದಿನ ತುಂಬಿದ ಅವೇ ಚೌಕಗಳು, ಅವೇ ಚಪ್ಪಲಿಗಳು, ಆದರೆ ಒಂದೊಂದು ಅಕ್ಷರವೂ ಅಳತೆ ಹಿಡಿದು ಹೊಲಿಸಿದ ಅಂಗಿ ತೊಟ್ಟಂತೆ ಇತ್ತು. ಎರಡು ನಿಮಿಷ ಬೆರಳಿನಲ್ಲಿ ಸವರುತ್ತಾ ಕುಳಿತ ಮೇಲೆ ನನ್ನ ಬುದ್ಧಿಗೆ ಬೆಳಕು ಹರಿಯಿತು. ಆ ಬಟ್ಟೆಯಲ್ಲಿ ಉದ್ದದ ನೂಲು, ಅಂದರೆ ಹಾಸು, ದಟ್ಟವಾಗಿತ್ತು. ಅಡ್ಡದ ನೂಲು, ಅಂದರೆ ಹೊಕ್ಕು, ಅಷ್ಟು ದಟ್ಟ ಇರಲಿಲ್ಲ. ಕಾಗದದ ಮೇಲೆ ಚೌಕವಾಗಿರುವುದು ಬಟ್ಟೆಗೆ ಬಂದಾಗ ಎರಡೂ ಕಡೆಯಿಂದ ಒತ್ತಿದಂತಾಗಿ ಉದ್ದವಾಗುತ್ತದೆ. ಅದು ಗೊತ್ತಿದ್ದೇ ಮಾವ ಕಾಗದದ ಮೇಲೆ ಬೇಕೆಂದೇ ಅಗಲ ಬರೆದಿದ್ದರು. ಬಟ್ಟೆಯಲ್ಲಿ ಎಷ್ಟು ಕುಗ್ಗುತ್ತದೆ ಎನ್ನುವುದನ್ನು ತಲೆಯಲ್ಲೇ ಹಿಡಿದು, ಅಷ್ಟು ಮುಂಚಿತವಾಗಿ ಹಿಗ್ಗಿಸಿದ್ದರು. ನಾನು ಹಿಗ್ಗಿಸಿದ್ದನ್ನೇ ಹಿಡಿದು ಬೋರ್ಡು ಮಾಡಿದ್ದೆ.

"ನಮ್ಮ ಬೀಗರು ಬರೆದಿದ್ದು ಅಂತ ಗೊತ್ತಿದ್ರೆ ಅವತ್ತೇ ಒಂದು ಕೊಟ್ಟು ಕಳಿಸ್ತಿದ್ದೆ" ಅಂದಳು ಅವ್ವ. ಪಂಚಾಂಗದ್ದು ಚೆನ್ನಾಗಿದೆ, ಅದನ್ನೇ ಕೊಡು ಅಂದರೆ ಕೊಡಲಿಲ್ಲ. "ಅದು ಪಂಚಾಂಗದ್ದು. ಇದನ್ನ ತಗಂಡು ಹೋಗು. ತುಳಿಯೋ ಕಡೆ ಇಡಬ್ಯಾಡ ಮತ್ತೆ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಪಟ್ಟಿಯನ್ನು ಬ್ಯಾಗಿನಿಂದ ಮೂರು ಸಲ ತೆಗೆದು ನೋಡಿದೆ. ದಾರಿಯಲ್ಲಿ ಬಾತಿ ಊರು ದಾಟುವಷ್ಟರಲ್ಲಿ ಮನಸ್ಸಿನಲ್ಲೇ ಎಲ್ಲ ನಡೆದುಹೋಗಿತ್ತು. ಅತ್ತೆಯ ಬಾಯಿ ಮುಚ್ಚಿತ್ತು, ಮಾವ ಎದೆಯುಬ್ಬಿಸಿ ಚಹಾ ಕುಡಿಯುತ್ತಿದ್ದರು, ನಾನು ಪಕ್ಕದಲ್ಲಿ ನಿಂತು ನಗುತ್ತಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ದರ್ಜಿಯ ಮಗಳಿಗೆ ಯಾರೂ ಕಲಿಸಬೇಕಿಲ್ಲ.

ಮನೆಗೆ ಬಂದಾಗ ಸಂಜೆ. ಅತ್ತೆ ಪಡಸಾಲೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು, ಮಾವ ಟಿವಿ ಎದುರು ಕುಳಿತಿದ್ದರು. ನಾನು ಪಟ್ಟಿಯನ್ನು ಬಿಚ್ಚಿ ಮಾವನ ತೊಡೆಯ ಮೇಲೆ ಹಾಸಿದೆ.

ಮಾವ ಅದನ್ನು ಮುಟ್ಟಲಿಲ್ಲ. ನೋಡಿ ಕಣ್ಣು ಬೇರೆ ಕಡೆ ಮಾಡಿದರು. "ಹುಡುಕಬ್ಯಾಡ ಅಂದಿದ್ದೆ" ಅಂದರು.

ಅತ್ತೆ ಕೈ ಒರೆಸಿಕೊಂಡು ಬಂದರು. ಪಟ್ಟಿ ಎತ್ತಿ, ಅಕ್ಷರ ಕಂಡದ್ದೇ ಮೊದಲು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಬಾಗಿಲ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದರು. ಬೋರ್ಡಿನ ಮೇಲಿದ್ದ ಕುಳ್ಳರನ್ನು ನೆನೆದೋ ಏನೋ, ಒಂದು ಸಲ ಮುಂದಿನ ಕೋಣೆಯ ಕಡೆ ತಿರುಗಿ ನೋಡಿದರು.

"ರೀ, ಇದು ನೀವು ಬರೆದಿದ್ದಾ?"

ಮಾವ ಟಿವಿಯ ಸದ್ದು ಕಡಿಮೆ ಮಾಡಿದರು.

"ಬಾಳ ಚೆಂದ ಐತಲ್ರೀ" ಅಂದರು ಅತ್ತೆ. ಆ ಧ್ವನಿಯಲ್ಲಿ ಹಾಸ್ಯ ಒಂದು ಚೂರೂ ಇರಲಿಲ್ಲ.

"ಚೆಂದ ಅನ್ಬ್ಯಾಡ" ಅಂದರು ಮಾವ. "ಣ ನೋಡು."

ನಾವಿಬ್ಬರೂ ನೋಡಿದೆವು. ನಮಗೇನೂ ಕಾಣಲಿಲ್ಲ. ಮಾವ ಎದ್ದು ಬಂದು ಕಿರುಬೆರಳಿನ ಉಗುರು ಇಟ್ಟು ತೋರಿಸಿದರು. ಸುಳಿಯ ಒಳಗೆ ಒಂದು ಚೌಕ ಹೆಚ್ಚಿತ್ತು. ಸಾಸಿವೆಯಷ್ಟೂ ದೊಡ್ಡದಲ್ಲ. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಳೆಯ ಮೇಲೆ ತಪ್ಪಿ ತುಂಬಿದ ಚೌಕ. ರಟ್ಟಿಗೆ ತೂತು ಬಿದ್ದು, ಬಟ್ಟೆ ಮಗ್ಗದಿಂದ ಇಳಿದ ಮೇಲೆ ಅವರ ಕಣ್ಣಿಗೆ ಬಿತ್ತು. ಹೊಸ ರಟ್ಟು ಹೊಡೆಸಿ ಅಂತ ಹೋಗಿ ಹೇಳಿದರಂತೆ. ಮೇಲಿನವರು ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿ, ಯಾರಿಗೆ ಕಾಣುತ್ತದೆ ಇದು, ಹೋಗಯ್ಯ ಅಂದರಂತೆ. ಅಲ್ಲಿಂದ ಮುಂದೆ ಗಿರಣಿ ಮುಚ್ಚುವವರೆಗೆ ಪ್ರತಿಯೊಂದು ತಾನಿನ ತುದಿಯಲ್ಲೂ ಆ ಚೌಕ ಇತ್ತು.

"ಹಬ್ಬಕ್ಕೆ ಎಲ್ಲಾರಿಗೂ ಒಂದೊಂದು ತುಂಡು ಕೊಡ್ತಿದ್ರು. ಅಕ್ಷರ ಇದ್ದಿದ್ದು ಬಂದ್ರೆ ನಾನು ಹರಿಹರದ ಕಡಿಯಿಂದ ಕೆಲಸಕ್ಕೆ ಬರೋರಿಗೆ ಕೊಟ್ಟುಬಿಡ್ತಿದ್ದೆ, ನಮ್ಮೂರಾಗ ಕಣ್ಣಿಗೆ ಬೀಳೋದು ಬ್ಯಾಡ ಅಂತ" ಅಂದರು ಮಾವ. ಅತ್ತೆಯ ಕಡೆ ನೋಡಲಿಲ್ಲ. "ನಿನ್ನ ಮುಂದ ತಂದು ಹೆಂಗೆ ತೋರಿಸ್ಲಿ? ತಪ್ಪು ಇರೋದನ್ನ?"

ಅತ್ತೆ ಪಟ್ಟಿ ಹಿಡಿದುಕೊಂಡೇ ನಿಂತಿದ್ದರು. ಒಂದು ತುಂಡು ತೋರಿಸಿದ್ದರೆ ಮುಗಿಯುತ್ತಿತ್ತು. ಇಡೀ ಸಂಸಾರದುದ್ದಕ್ಕೂ ಕೇಳಿದ ಮಾತು ಅವತ್ತೇ ನಿಲ್ಲುತ್ತಿತ್ತು. ಮಾತು ಕೇಳಿಕೊಂಡೇ ಇರುತ್ತೇನೆ, ಆ ಚೌಕ ಮಾತ್ರ ಇವಳ ಕಣ್ಣಿಗೆ ಬೀಳದಿರಲಿ ಅಂತ ಈ ಮನುಷ್ಯ ಆರಿಸಿಕೊಂಡಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನೋಡಿದ್ದೇನೆ. ಕುಂಬಳಕಾಯಿಯನ್ನೇ ಕದಿಯದೆ ಇಷ್ಟು ವರ್ಷ ಹೆಗಲು ಒರೆಸಿಕೊಂಡವರನ್ನು ಅವತ್ತೇ ನೋಡಿದ್ದು.

"ಪುಸ್ತಕದಾಗ ಕೆಂಪು ಗುರುತು ಹಾಕಿದ್ದು ಇದಕ್ಕೇನಾ ಮಾವಾರೆ?" ಅಂದೆ.

"ಹೂಂ. ನೀನು ಅದನ್ನೂ ತುಂಬಿಬಿಟ್ಟಿ" ಅಂದರು. "ಬೋರ್ಡ್ ನೋಡಿದ ಕೂಡ್ಲೇ ಅದಾ ಕಂಡಿದ್ದು."

ಹಾಗಾದರೆ ಅವತ್ತು 'ಇವು ಹಿಂಗಲ್ಲವ್ವಾ' ಅಂದದ್ದು ಕುಳ್ಳತನಕ್ಕಷ್ಟೇ ಅಲ್ಲ. ನಾಚಿಕೆಯಾಯಿತು ನನಗೆ. ಅವರ ಕೈ ಹಿಡಿದು ಅಂಗಡಿಗೆ ಕರೆದುಕೊಂಡು ಹೋದೆ, ಕುರ್ಚಿಯ ಮೇಲಿನ ಕಾಗದದ ಕಟ್ಟು ತೆಗೆದು ಕೂರಿಸಿದೆ. ಅತ್ತೆ ಬಾಗಿಲಲ್ಲಿ ನಿಂತರು. ಕಂಪ್ಯೂಟರಿನಲ್ಲಿ 'ಣ' ತೆರೆದು ಪರದೆಯ ತುಂಬ ದೊಡ್ಡದು ಮಾಡಿದೆ. ಆ ಚೌಕ ಈಗ ಅಂಗೈಯಷ್ಟು ಕಾಣುತ್ತಿತ್ತು.

"ಇದನ್ನ ತೆಗಿಯಾಕ ಬರ್ತೈತೇನವ್ವಾ?" ಅಂದರು ಮಾವ. ಡಾಕ್ಟರನ್ನು ಕೇಳುವ ಧ್ವನಿಯಲ್ಲಿ ಕೇಳಿದರು.

ಚೌಕದ ಮೇಲೆ ಬಾಣದ ಗುರುತು ಇಟ್ಟು, ಅವರ ಬೆರಳು ಹಿಡಿದು ಕೀಲಿಯ ಮೇಲೆ ಇಟ್ಟೆ. ಒತ್ತಿದರು. ಚೌಕ ಹೋಯಿತು.

ಮಾವ ಪರದೆಯನ್ನು ನೋಡುತ್ತಲೇ ಇದ್ದರು. ಮತ್ತೆ ಬಂದೀತೇನೋ ಅಂತ ಕಾಯುತ್ತಿದ್ದಂತಿತ್ತು.

"ಇಷ್ಟಾ?" ಅಂದರು.

"ಇಷ್ಟಾ, ಮಾವಾರೆ."

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಅದರಲ್ಲಿ ಧೂಳೇನೂ ಇರಲಿಲ್ಲ.

ಆಮೇಲಿನದು ಸುಲಭದ ಕೆಲಸ. ಪಿಕ್ಸೆಲ್, ಅಂದರೆ ಪರದೆಯ ಮೇಲಿನ ಚುಕ್ಕಿ, ಚೌಕವೇ ಆಗಬೇಕು ಅನ್ನುವ ಹಠ ಬಿಟ್ಟು, ಪಟ್ಟಿಯ ನೂಲು ಎಣಿಸಿ, ಆ ಅಳತೆಗೆ ಎಲ್ಲ ಅಕ್ಷರಗಳನ್ನೂ ನಿಲ್ಲಿಸಿದೆ. ಎಣಿಸಿದವರು ಮಾವ, ನಾನು ಭೂತಗನ್ನಡಿ ಹಿಡಿದಿದ್ದೆ. ಬೋರ್ಡು ಏರಿತು. ಹುಡುಗಿಗೆ ಎಷ್ಟು ಹಿಡಿಸಿತೆಂದರೆ ಕಾಫಿಯ ಲೋಟಕ್ಕೂ, ಕೆಲಸದವರ ಅಂಗಿಯ ಬೆನ್ನಿಗೂ ಅದನ್ನೇ ಹಾಕಿಸಿದಳು. ಬಟ್ಟೆಯಿಂದ ಬಂದದ್ದು ಮತ್ತೆ ಬಟ್ಟೆಗೇ ಹೋಯಿತು ಅಂತ ಮಾವ ಅಂದರು. ಈಗ ಹಳೆಯ ಕಾಲದ ಗತ್ತು ಬೇಕು ಅಂತ ಬಂದವರಿಗೆಲ್ಲ 'ಚಪ್ಪಲಿ ಅಕ್ಷರ' ತೋರಿಸುತ್ತೇನೆ. ದೊಡ್ಡದಾಗಿ ಎರಡೇ ಪದ ಬರೆದರೆ ಅದಕ್ಕೆ ಕಳೆ. ಸಣ್ಣದಾಗಿ ಪುಟ ತುಂಬಿಸಿದರೆ ಓದುವವರ ಕಣ್ಣು ನೋಯುತ್ತದೆ. ಒಂದು ಮದುವೆ ಕಾರ್ಡಿಗೆ ಹಾಕಿ, ಹುಡುಗನ ಅಜ್ಜನಿಂದ "ಇದೇನವ್ವಾ, ಮದಿವಿ ಕಾರ್ಡೋ ಬಸ್ಸಿನ ಬೋರ್ಡೋ" ಅಂತ ಅನ್ನಿಸಿಕೊಂಡು ಬದಲಾಯಿಸಿಯೂ ಕೊಟ್ಟಿದ್ದೇನೆ.

ಹರಿಹರದ ಪಟ್ಟಿಯನ್ನು ಕಟ್ಟು ಹಾಕಿಸಿ ಅಂಗಡಿಯಲ್ಲಿ, ನನ್ನ ಸರ್ಟಿಫಿಕೇಟಿನ ಪಕ್ಕ ತೂಗುಹಾಕಬೇಕು ಅಂತ ನನ್ನ ಆಸೆಯಿತ್ತು. ಅತ್ತೆ ಬಿಡಲಿಲ್ಲ. "ತಿದ್ದಿದ್ದು ನೀವಿಬ್ರು ಇಟ್ಕಳ್ರಿ. ತಪ್ಪಿದ್ದಿದ್ದು ನನಗಿರ್ಲಿ" ಅಂದು ದೇವರ ಜಗಲಿಗೆ ಒಯ್ದರು. ವಿಭೂತಿ ಗಟ್ಟಿಯನ್ನು ಅದರಲ್ಲಿ ಸುತ್ತಿದ್ದಾರೆ, 'ಣ' ಮೇಲೆ ಬರುವಂತೆ.

ಬಾಯಿ ಮುಚ್ಚಿಕೊಳ್ಳುತ್ತೇನೆ ಅಂದ ಮಾತನ್ನು ಅವರು ಉಳಿಸಿಕೊಂಡಿಲ್ಲ. ಮೊನ್ನೆ ಮಲೆಬೆನ್ನೂರಿನಿಂದ ನನ್ನ ಗಂಡನ ಶಾಲೆಯ ಮೇಡಂ ಒಬ್ಬರು ಮನೆಗೆ ಬಂದಿದ್ದರು. ಕೂಡ್ರಿ ಅಂದು ನೀರು ಕೊಟ್ಟ ಅತ್ತೆ, ಪೇಪರ್ ಓದುತ್ತಿದ್ದ ಮಾವನ ಕಡೆ ಕೈ ತೋರಿಸಿದರು. "ಇವ್ರು ಮಿಲ್ಲಿನಾಗ ಕುಂತು ಚೌಕಾ ತುಂಬ್ತಿದ್ರು. ಒಂದು ಚೌಕಾ ಜಾಸ್ತಿ ತುಂಬಿ, ಮೂವತ್ತು ವರ್ಷ ನನ್ನಿಂದ ಮುಚ್ಚಿಟ್ಟಿದ್ರು. ಬರ್ರಿ ತೋರಿಸ್ತೀನಿ, ಎಷ್ಟು ಚೆಂದ ಐತೆ ಅಂತ."

ಮೇಡಂ ಏನೂ ತಿಳಿಯದೆ ಎದ್ದು ಅತ್ತೆಯ ಹಿಂದೆ ದೇವರ ಕೋಣೆಗೆ ಹೋದರು. ಮಾವ ಪೇಪರ್ ಮಡಚಿಟ್ಟು, ಕನ್ನಡಕ ಸರಿ ಮಾಡಿಕೊಂಡು, ತಾವೂ ಹಿಂದೆ ಹೋದರು.